ಆಟದೊಳಗಿನ ನಾಯಿಮರಿ, ಕೊಟ್ಟಿಗೆಯೊಳಗಿನ ಕರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಪ್ಪ. ಮಕ್ಕಳಿಗೂ ತಿಳಿಯಬೇಕು, ಹಾಲು ಕರೆದು ಡೈರಿಗೆ ಹಾಕಿ ಬಂದು ಕೂತ ಹಿರಿಯರಿಗೂ ಬೇಸರ ಆಗಬಾರದು" ಎಂದರು. ಆಫೀಸಿನಲ್ಲಿ ನಾನು ಮಾಡುವ ಕೆಲಸದ ಬಗ್ಗೆ ಹೇಳಲು ಹೊರಟರೆ ಹತ್ತು ನಿಮಿಷಕ್ಕೆ ನನಗೇ ಆಕಳಿಕೆ ಬರುತ್ತದೆ. ಆದ್ದರಿಂದ ಆಫೀಸು ಮುಗಿದ ಮೇಲೆ ರಾತ್ರಿ ಹೊತ್ತು ಮಾಡುವ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಅದು ಒಂದು ಕಂಪ್ಯೂಟರ್ ಆಟ. ಆ ಆಟದೊಳಗೆ ನಾಯಿ, ಬೆಕ್ಕುಗಳು ಮರಿ ಹಾಕುವ ರೀತಿಯನ್ನು ನಿಜಕ್ಕೆ ಹತ್ತಿರ ತರುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಮೂವತ್ತು ದಾಟಿದವನು ಆಟದ ಬಗ್ಗೆ ಮಾತಾಡುತ್ತಾನಲ್ಲ ಎಂದು ನಗಬೇಡಿ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವವರೆಲ್ಲ ದೊಡ್ಡವರೇ. ಆಟಿಕೆ ಮಾಡುವುದು ನಮ್ಮ ಸೀಮೆಯಲ್ಲಿ ಗೌರವದ ಕಸುಬು.

ಆಟದ ಹೆಸರು 'ದಿ ಸಿಮ್ಸ್'. ವಿಲ್ ರೈಟ್ ಎಂಬ ಅಮೆರಿಕದವರು ರೂಪಿಸಿದ ಈ ಆಟ ಮೊದಲು ಬಂದಿದ್ದು 2000ನೇ ಇಸವಿಯಲ್ಲಿ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಗೆಲುವು ಸೋಲಿಲ್ಲ. ಒಂದು ಮನೆ ಕಟ್ಟಬೇಕು, ಸಂಸಾರ ಹೂಡಬೇಕು, ಅಡುಗೆ ಮಾಡಿಸಬೇಕು, ಕೆಲಸಕ್ಕೆ ಕಳಿಸಬೇಕು, ಮಕ್ಕಳನ್ನು ಸಾಕಬೇಕು. ನಮ್ಮ ಅಕ್ಕ ತಂಗಿಯರು ಚಿಕ್ಕಂದಿನಲ್ಲಿ ಮಣ್ಣಿನ ಕುಡಿಕೆ ಇಟ್ಟುಕೊಂಡು ಮನೆ ಆಟ ಆಡುತ್ತಿದ್ದರಲ್ಲ, ಅದೇ ಆಟ ಕಂಪ್ಯೂಟರ್ ಒಳಗೆ. ಇದರ ನಾಲ್ಕನೇ ಆವೃತ್ತಿ 2014ರಲ್ಲಿ ಬಂತು. 2017ರ ನವೆಂಬರ್‌ನಲ್ಲಿ ಅದಕ್ಕೆ ನಾಯಿ ಬೆಕ್ಕು ಸಾಕುವ ಭಾಗ ಸೇರಿತು.

ಈ ಆಟಕ್ಕೆ ನಾವೂ ಏನಾದರೂ ಸೇರಿಸಬಹುದು. ಹಾಗೆ ಸೇರಿಸುವುದಕ್ಕೆ 'ಮಾಡ್' ಎನ್ನುತ್ತಾರೆ. ಬೇರೆಯವರು ಕಟ್ಟಿದ ಮನೆಗೆ ನಾವು ಒಂದು ಅಟ್ಟ ಹಾಕಿಕೊಂಡ ಹಾಗೆ. ಗೋಡೆ, ಸೂರು ಅವರದು, ಅಟ್ಟ ನಮ್ಮದು. ಸಿಮ್ಸ್ 4 ಆಟದ ಒಳಗಿನ ನಡಾವಳಿಯ ದೊಡ್ಡ ಭಾಗ ಪೈಥಾನ್ ಎಂಬ ಭಾಷೆಯಲ್ಲಿದೆ. ಪೈಥಾನ್ ಕಲಿಯಲು ದುಡ್ಡು ಬೇಡ, ಈ ಶಾಲೆಯ ಎಂಟನೇ ತರಗತಿಯ ಮಗು ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಹಿಡಿತಕ್ಕೆ ತಂದುಕೊಳ್ಳಬಹುದು.

ದನ ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಆ ಆಟದ ನಾಯಿಗಳನ್ನು ನೋಡುವಾಗ ಮೂರು ವಿಷಯ ಸರಿಕಾಣುತ್ತಿರಲಿಲ್ಲ. ಮೊದಲನೆಯದು, ಮರಿಗಳ ರೂಪ. ಕಣ್ಣಿಗೆ ಕಾಣುವ ಅಪ್ಪ ಅಮ್ಮನ ರೂಪವೇ ಹಿಂದುಮುಂದಾಗಿ ಮರಿಗೆ ಬರುತ್ತಿತ್ತು. ಅಜ್ಜಿಯ ಬಣ್ಣ ಒಂದು ತಲೆಮಾರು ಬಚ್ಚಿಟ್ಟುಕೊಂಡಿದ್ದು ಮೊಮ್ಮಗಳಲ್ಲಿ ಏಳುವುದು ನಾನು ಆಡಿದಷ್ಟು ದಿನ ಕಾಣಲಿಲ್ಲ. ಎರಡನೆಯದು, ಕಾಲ. ಕೆಲವೇ ದಿನಕ್ಕೆ ಮರಿ, ಮರಿಯಿಂದ ಒಂದೇ ಜಿಗಿತಕ್ಕೆ ದೊಡ್ಡ ನಾಯಿ. ಮೂರನೆಯದು, ನೆನಪು. ಹತ್ತಿರದ ರಕ್ತಸಂಬಂಧದ ಜೋಡಿಗೆ ಹುಟ್ಟಿದ ಮರಿಗೂ ಎಲ್ಲಿಂದಲೋ ತಂದ ಜೋಡಿಗೆ ಹುಟ್ಟಿದ ಮರಿಗೂ ಆರೋಗ್ಯದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಆಟ ಮಾಡಿದವರಿಗೆ ಇದು ತಿಳಿಯದೆ ಏನೂ ಇಲ್ಲ. ಇದೇ ಸಿಮ್ಸ್‌ನ ಎರಡನೇ ಆವೃತ್ತಿಯಲ್ಲಿ, 2004ರಲ್ಲಿ, ಮನುಷ್ಯರ ಕೂದಲು ಮತ್ತು ಕಣ್ಣಿನ ಬಣ್ಣಕ್ಕೆ ಪ್ರಬಲ, ದುರ್ಬಲ ಗುಣಗಳ ಲೆಕ್ಕ ಇತ್ತು. ಅದಕ್ಕೂ ಮೊದಲು 1996ರಲ್ಲಿ ಇಂಗ್ಲೆಂಡಿನ ಸ್ಟೀವ್ ಗ್ರ್ಯಾಂಡ್ ಎಂಬುವರು 'ಕ್ರೀಚರ್ಸ್' ಎಂಬ ಆಟ ಮಾಡಿದ್ದರು. ಅದರ ಪುಟ್ಟ ಪ್ರಾಣಿಗಳಿಗೆ ಪೂರ್ತಿ ವಂಶವಾಹಿಗಳೇ ಇದ್ದವು. ಎಲ್ಲರೂ ಸುಲಭವಾಗಿ ಆಡಲಿ ಎಂದು ಹೊಸ ಆಟದಲ್ಲಿ ಸರಳ ಮಾಡಿರುತ್ತಾರೆ. ಸರಳ ಬೇಡದವರಿಗಾಗಿಯೇ ಮಾಡ್‌ಗಳು ಇರುವುದು.

ಹಾಗಾದರೆ ನಿಜಕ್ಕೆ ಹತ್ತಿರ ತರುವುದು ಹೇಗೆ? ಮೊದಲ ಹೆಜ್ಜೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಮೆಂಡಲ್ ಎಂಬ ಪಾದ್ರಿ ಬಟಾಣಿ ಗಿಡಗಳನ್ನು ಬೆಳೆಸಿ, 1866ರಲ್ಲಿ ಅಚ್ಚಾದ ಲೇಖನದಲ್ಲಿ ಹೇಳಿದ್ದು ಇಷ್ಟೇ: ಪ್ರತಿ ಗುಣಕ್ಕೂ ಪ್ರತಿ ಜೀವಿಯ ಬಳಿ ಎರಡು ಚೀಟಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಪ್ರಬಲ ಚೀಟಿ ಒಂದಿದ್ದರೂ ಅದರದೇ ಮಾತು ನಡೆಯುತ್ತದೆ. ದುರ್ಬಲ ಚೀಟಿ ಸುಮ್ಮನೆ ಒಳಗೆ ಕೂತಿರುತ್ತದೆ, ಆದರೆ ಸಾಯುವುದಿಲ್ಲ. ನನ್ನ ಮಾಡ್ ಮೊದಲು ಮಾಡಿದ್ದು, ಆಟದ ಪ್ರತಿ ನಾಯಿಗೂ ಕಣ್ಣಿಗೆ ಕಾಣದ ಎರಡೆರಡು ಚೀಟಿ ಕೊಟ್ಟಿದ್ದು. ಮರಿ ಹುಟ್ಟುವಾಗ ಅಮ್ಮನ ಎರಡರಲ್ಲಿ ಒಂದನ್ನು, ಅಪ್ಪನ ಎರಡರಲ್ಲಿ ಒಂದನ್ನು ಕಣ್ಣು ಮುಚ್ಚಿ ಎತ್ತಬೇಕು. ಪೈಥಾನ್‌ನಲ್ಲಿ ಇದು ಎರಡು ಸಾಲಿನ ಕೆಲಸ.

ಈಗ ಊರೂರಲ್ಲಿ ಕಾಣುವ ಲ್ಯಾಬ್ರಡಾರ್ ನಾಯಿಯನ್ನೇ ತೆಗೆದುಕೊಳ್ಳಿ. ಕಪ್ಪು ಬಣ್ಣ ಪ್ರಬಲ, ಹಳದಿ ದುರ್ಬಲ. ಎರಡೂ ಕಪ್ಪು ನಾಯಿಗಳೇ ಆಗಿದ್ದು, ಎರಡರ ಒಳಗೂ ಒಂದೊಂದು ಹಳದಿ ಚೀಟಿ ಅಡಗಿದ್ದರೆ, ಪ್ರತಿ ಮರಿಯೂ ಹಳದಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಕಪ್ಪು ನಾಯಿಗಳಿಗೆ ಹಳದಿ ಮರಿ ಹೇಗೆ ಹುಟ್ಟಿತು, ಪಕ್ಕದ ಬೀದಿ ನಾಯಿ ಬಂದಿತ್ತೇನೋ" ಎಂದು ಅನುಮಾನಪಡುವವರು ಇದ್ದಾರೆ. ಅನುಮಾನ ಬೇಡ, ಅಜ್ಜಿಯ ಚೀಟಿ ಇರಬಹುದು.

ಬೆಕ್ಕಿನದು ಇನ್ನೂ ಚೆಂದ. ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣದ ಬೆಕ್ಕನ್ನು ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಗಂಡು ಎಷ್ಟು ನೋಡಿದ್ದೀರಿ, ನೆನಪು ಮಾಡಿಕೊಳ್ಳಿ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕಾರಣ, ಕಪ್ಪೋ ಕೆಂಚೋ ಎಂದು ತೀರ್ಮಾನಿಸುವ ಚೀಟಿ ಇರುವುದು ಎಕ್ಸ್ ಎಂಬ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಎರಡು ಬಣ್ಣದ ಚೀಟಿ ಒಟ್ಟಿಗೆ ಇಟ್ಟುಕೊಳ್ಳಲು ಗಂಡು ಬೆಕ್ಕಿಗೆ ಜಾಗವೇ ಇಲ್ಲ. ಆದ್ದರಿಂದ ನನ್ನ ಮಾಡ್‌ನಲ್ಲಿ ಆ ಚೀಟಿಯನ್ನು ಗಂಡಿಗೆ ಒಂದೇ ಕೊಟ್ಟೆ. ಅಷ್ಟು ಮಾಡಿದ್ದಕ್ಕೆ ಮೂರು ಬಣ್ಣದ ಗಂಡು ಬೆಕ್ಕುಗಳು ತಾವಾಗಿಯೇ ಆಟದಿಂದ ಮಾಯವಾದವು. ಬೇರೆ ನಿಯಮವೇ ಬರೆಯಬೇಕಾಗಲಿಲ್ಲ.

ಇಷ್ಟು ಹೇಳುವಾಗ ಹಿಂದಿನ ಸಾಲಿನಲ್ಲಿ ಕೂತ ರೇಷ್ಮೆ ಬೆಳೆಗಾರರು ಮುಗುಳ್ನಗುತ್ತಿದ್ದಾರೆ. ಈ ಲೆಕ್ಕ ಅವರ ಹುಳುಮನೆಯಲ್ಲಿ ಪ್ರತಿ ಬೆಳೆಗೂ ನಡೆಯುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ಗೂಡು ಯಾವುದು? ಅಮ್ಮ ನಮ್ಮ ಮೈಸೂರು ದೇಶಿ ತಳಿ, ಅಪ್ಪ ಬಿಳಿ ಗೂಡಿನ ದ್ವಿತಳಿ. ಬಿಳಿ ಅಪ್ಪ ಇದ್ದರೂ ಮಕ್ಕಳೆಲ್ಲ ಹಳದಿ ಗೂಡೇ ಕಟ್ಟುತ್ತವೆ, ಯಾಕೆಂದರೆ ಹಳದಿ ಪ್ರಬಲ. ಅಮ್ಮನ ಗಟ್ಟಿತನ, ಅಪ್ಪನ ನೂಲಿನ ಗುಣ ಎರಡೂ ಸೇರಿ ಮೊದಲ ತಲೆಮಾರು ಚೆನ್ನಾಗಿ ಬರುತ್ತದೆ. ಆದರೆ ಇಷ್ಟು ಚೆನ್ನಾಗಿ ಬಂದ ಗೂಡನ್ನೇ ಉಳಿಸಿಕೊಂಡು, ಚಿಟ್ಟೆ ಹೊರಡಿಸಿ, ಮುಂದಿನ ಬೆಳೆಗೆ ಮೊಟ್ಟೆ ಮಾಡಿಕೊಳ್ಳೋಣ ಎಂದು ಯಾರೂ ಹೊರಡುವುದಿಲ್ಲ. ಪ್ರತಿ ಸಲವೂ ಬಿತ್ತನೆ ಕೇಂದ್ರದಿಂದಲೇ ಮೊಟ್ಟೆ, ಇಲ್ಲವೇ ಚಾಕಿ ಹುಳು ತರುತ್ತೇವೆ. ಮಕ್ಕಳ ಕಾಲಕ್ಕೆ ಒಂದೇ ಥರ ಇದ್ದದ್ದು ಮೊಮ್ಮಕ್ಕಳ ಕಾಲಕ್ಕೆ ಚೆಲ್ಲಾಪಿಲ್ಲಿ: ಒಂದು ಹಳದಿ, ಒಂದು ಬಿಳಿ, ಒಂದು ಬೇಗ ಹಣ್ಣಾಗುತ್ತದೆ, ಒಂದು ತಡ. ಬಚ್ಚಿಟ್ಟುಕೊಂಡಿದ್ದ ಚೀಟಿಗಳೆಲ್ಲ ಆಗ ಹೊರಗೆ ಬರುತ್ತವೆ.

ರೇಷ್ಮೆಹುಳುವಿನಲ್ಲಿ ಮೆಂಡಲ್‌ನ ನಿಯಮ ನಡೆಯುತ್ತದೆ ಎಂದು 1906ರಲ್ಲಿ ತೋರಿಸಿಕೊಟ್ಟವರು ಜಪಾನಿನ ಟೊಯಾಮಾ ಕಮೆಟಾರೊ. ರೈತರಿಗೆ ಮೊದಲ ತಲೆಮಾರಿನ ಮಿಶ್ರತಳಿಯನ್ನೇ ಕೊಡಬೇಕು ಎಂದು ಹೇಳಿದವರೂ ಅವರೇ. ಅದಾದ ಕೆಲವೇ ವರ್ಷಗಳಲ್ಲಿ, ಮೊದಲ ಮಹಾಯುದ್ಧದ ಸುಮಾರಿಗೆ, ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಮೈಸೂರು ಸರ್ಕಾರ ಕರೆಸಿತು, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾಯಿತು. ಮಾಗಡಿ, ಸೋಲೂರು, ಕುಣಿಗಲ್ ಕಡೆ ಇಂದಿಗೂ ಮೈಸೂರು ದೇಶಿ ಬಿತ್ತನೆ ಗೂಡನ್ನು ಬೇರೆ ಯಾವುದರ ಜೊತೆಗೂ ಬೆರೆಯದಂತೆ ಬೆಳೆಯುತ್ತಾರೆ. ಹಳೆಯ ತಳಿ ಶುದ್ಧವಾಗಿ ಉಳಿದರೆ ಮಾತ್ರ ಹೊಸ ಮಿಶ್ರತಳಿಗೆ ಅಮ್ಮ ಸಿಗುತ್ತಾಳೆ. ಬಿತ್ತನೆ ಬೆಳೆಯುವವರು ಬರೀ ಗೂಡು ಬೆಳೆಯುತ್ತಿಲ್ಲ, ಒಂದು ವಂಶದ ನೆನಪನ್ನು ಕಾಯುತ್ತಿದ್ದಾರೆ.

ಎರಡನೇ ಹೆಜ್ಜೆ ಕಾಲದ್ದು. ನಾಯಿ ಗಬ್ಬವಾದರೆ ಮರಿ ಹಾಕಲು ಸುಮಾರು 63 ದಿನ, ಹಸುವಿಗೆ ಸುಮಾರು 280 ದಿನ. ಆಟದಲ್ಲಿ ಇಷ್ಟು ದಿನ ಯಾರೂ ಕಾಯುವುದಿಲ್ಲ, ಆದ್ದರಿಂದ ಅನುಪಾತ ಮಾತ್ರ ಇಟ್ಟೆ. ಮುಖ್ಯವಾಗಿ, ಒಂದು ಸಲ ಮರಿ ಹಾಕಿದ ನಾಯಿಗೆ ಬಿಡುವು ಕೊಡದೆ ಮತ್ತೆ ಜೋಡಿ ಮಾಡಲು ಬರದಂತೆ ಮಾಡಿದೆ. ಇದು ಆಟಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮರಿ ಮಾರುವವರಿಗೆಂದು ನಮ್ಮ ದೇಶದಲ್ಲಿ 2017ರಲ್ಲಿ ನಿಯಮಗಳು ಬಂದಿವೆ. 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಮಾಡಿಸುವಂತಿಲ್ಲ, ಒಂದು ನಾಯಿಯಿಂದ ಅದರ ಜೀವಮಾನದಲ್ಲಿ 5 ಸಲಕ್ಕಿಂತ ಹೆಚ್ಚು ಮರಿ ಹಾಕಿಸುವಂತಿಲ್ಲ. ಮರಿ ಕೊಳ್ಳಲು ಬೆಂಗಳೂರಿಗೆ ಹೋಗುವ ನಮ್ಮ ಯುವಕರು ಮರಿಯ ಮುದ್ದು ಮುಖ ನೋಡುವ ಮೊದಲು, "ಇದರ ತಾಯಿಯನ್ನು ತೋರಿಸಿ" ಎಂದು ಕೇಳಬೇಕು. ತಾಯಿಯನ್ನು ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಾಡ್ ಬರೆಯುತ್ತಿದ್ದ ಕಾಲಕ್ಕೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ತೋರಿಸಿದೆ. ಆಟದ ಕೊನೆಗೆ ಹಸುವನ್ನೂ ತರುತ್ತೇನೆ, ಹಾಲು ಜಾಸ್ತಿ ಕೊಡುವ ಹಸುವಿನ ಕರು ಹಾಲು ಜಾಸ್ತಿ ಕೊಡುವಂತೆ ಬರೆಯುತ್ತೇನೆ ಎಂದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಅದೇನೋ ಸರಿ ಕಣಪ್ಪ. ಹಸ ತಗೋವಾಗ ಅದರ ಕೆಚ್ಚಲು ನೋಡ್ತೀವಿ. ಹೋರಿ ತಗೋವಾಗ ಏನು ನೋಡ್ತೀಯ? ಅದರವ್ವನ ಕೆಚ್ಚಲು ನೋಡ್ಬೇಕು" ಎಂದರು.

ಈ ಒಂದು ಮಾತಿನಲ್ಲಿ ಪಶುತಳಿ ವಿಜ್ಞಾನದ ಒಂದು ದೊಡ್ಡ ಪಾಠ ಇದೆ. ಹೋರಿ ಹಾಲು ಕೊಡುವುದಿಲ್ಲ, ಆದರೆ ಹಾಲಿನ ಗುಣದ ಅರ್ಧ ಪಾಲು ಹೋರಿಯಿಂದಲೇ ಬರುತ್ತದೆ. ಅದರ ಮೈ ನೋಡಿ ಆ ಗುಣ ತಿಳಿಯುವುದಿಲ್ಲ. ಅದರ ತಾಯಿಯನ್ನು ನೋಡಬೇಕು, ಇಲ್ಲವೇ ಅದರ ಹೆಣ್ಣುಕರುಗಳು ದೊಡ್ಡವಾಗಿ ಕರೆಯುವ ತನಕ ಕಾಯಬೇಕು. ಕೆಂಗಲ್ ಜಾತ್ರೆಗೆ ಹೋದವರು ನೋಡಿರುತ್ತೀರಿ. ಹಳ್ಳಿಕಾರ್ ಜೋಡಿ ಕೊಳ್ಳುವವರು ಕೊಂಬು, ಗೊರಸು, ಹಲ್ಲು, ಸುಳಿ, ನಡಿಗೆ ಎಲ್ಲ ನೋಡುತ್ತಾರೆ. ಅದಾದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: "ಯಾರ ಮನೆ ಹಸ, ಯಾವ ಹೋರಿ?" ಟವೆಲ್ ಅಡಿಯಲ್ಲಿ ಕೈ ಹಿಡಿದು ವ್ಯಾಪಾರ ಶುರುವಾಗುವುದು ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ. ನಮ್ಮ ಹಿರಿಯರು ಮೈಯನ್ನೂ ನೋಡುತ್ತಿದ್ದರು, ವಂಶವನ್ನೂ ಕೇಳುತ್ತಿದ್ದರು.

ಮೈ ಮಾತ್ರ ನೋಡಿದರೆ, ಹಾಲಿನ ಅಂಕಿ ಮಾತ್ರ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಹೋರಿಯ ಕಥೆ ಕೇಳಿ. ನಮ್ಮ ಕೊಟ್ಟಿಗೆಗಳಲ್ಲಿರುವ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಜಾತಿಯ ಹೋರಿ ಅದು. ಅದರ ಹೆಸರು ಪಾನೀ ಫಾರ್ಮ್ ಆರ್ಲಿಂಡಾ ಚೀಫ್, ಹುಟ್ಟಿದ್ದು 1962ರಲ್ಲಿ. ಅದರ ಹೆಣ್ಣುಮಕ್ಕಳು ಬಿಂದಿಗೆಗಟ್ಟಲೆ ಹಾಲು ಕೊಟ್ಟವು. ಎಲ್ಲರೂ ಅದರ ವೀರ್ಯವನ್ನೇ ಕೇಳಿದರು. 16,000 ಹೆಣ್ಣುಕರುಗಳು ಹುಟ್ಟಿದವು, ಅವುಗಳ ಮಕ್ಕಳು ಮೊಮ್ಮಕ್ಕಳು ಜಗತ್ತಿನ ತುಂಬಾ ಹರಡಿದವು. ಆ ಹೋರಿಯ ಒಳಗೆ ಒಂದು ದುರ್ಬಲ ಚೀಟಿ ಇತ್ತು. ಒಂದೇ ಇದ್ದರೆ ಏನೂ ತೊಂದರೆಯಿಲ್ಲ. ಎರಡು ಕಡೆಯಿಂದಲೂ ಅದೇ ಚೀಟಿ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಚೀಫ್‌ನ ವಂಶದ ಹೋರಿಯೂ ಚೀಫ್‌ನ ವಂಶದ ಹಸುವೂ ಸೇರತೊಡಗಿದ ಮೇಲೆ ಗರ್ಭಪಾತ ಶುರುವಾಯಿತು. ಈ ಚೀಟಿ ಯಾವುದೆಂದು ವಿಜ್ಞಾನಿಗಳು ಗುರುತಿಸುವಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಕರುಗಳು ಹೀಗೆ ಹೋಗಿರಬಹುದು ಎಂದು 2016ರಲ್ಲಿ ಲೆಕ್ಕ ಹಾಕಿದರು. ಚೀಫ್ ಕೆಟ್ಟ ಹೋರಿಯಲ್ಲ. ಅದರಿಂದ ಬಂದ ಹಾಲಿನ ಲಾಭ ಈ ನಷ್ಟಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದರೆ ಒಂದನ್ನೇ ನೆಚ್ಚಿಕೊಂಡರೆ ಅದರ ಒಳ್ಳೆಯದರ ಜೊತೆ ಅದರೊಳಗೆ ಅಡಗಿದ್ದೂ ಊರೆಲ್ಲ ಹರಡುತ್ತದೆ.

ಇದೇ ಮೂರನೇ ಹೆಜ್ಜೆ: ನೆನಪು. ನನ್ನ ಮಾಡ್‌ನಲ್ಲಿ ಪ್ರತಿ ಪ್ರಾಣಿಗೂ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಪಟ್ಟಿ ಇಟ್ಟೆ. ಜೋಡಿ ಮಾಡುವ ಮೊದಲು ಒಂದು ಸಂಖ್ಯೆ ತೋರಿಸುವಂತೆ ಮಾಡಿದೆ. ಸೀವಾಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿ 1922ರಲ್ಲಿ ಕೊಟ್ಟ ಲೆಕ್ಕ ಅದು. ಒಬ್ಬನೇ ಪೂರ್ವಜನ ಒಂದೇ ಚೀಟಿ, ಅಮ್ಮನ ಕಡೆಯಿಂದಲೂ ಅಪ್ಪನ ಕಡೆಯಿಂದಲೂ ಬಂದು ಮರಿಯಲ್ಲಿ ಸೇರುವ ಸಾಧ್ಯತೆ ಎಷ್ಟು ಎಂಬುದೇ ಆ ಸಂಖ್ಯೆ. ಅಪ್ಪ ಮಗಳು ಕೂಡಿದರೆ ನಾಲ್ಕರಲ್ಲಿ ಒಂದು. ಒಡಹುಟ್ಟಿದವು ಕೂಡಿದರೂ ನಾಲ್ಕರಲ್ಲಿ ಒಂದು. ಅಪ್ಪ ಒಬ್ಬನೇ, ಅಮ್ಮಂದಿರು ಬೇರೆಯಾದರೆ ಎಂಟರಲ್ಲಿ ಒಂದು. ಸಂಖ್ಯೆ ಏರಿದ ಹಾಗೆ ಆಟದೊಳಗಿನ ಮರಿಗಳು ಕಡಿಮೆಯಾಗುತ್ತವೆ, ಕಾಯಿಲೆ ಬೀಳುತ್ತವೆ. ನಿಜದಲ್ಲೂ ಹಾಗೆಯೇ ತಾನೆ.

ರೈಟ್ ಅವರದೇ ಇನ್ನೊಂದು ಲೆಕ್ಕ ನಮ್ಮ ಊರಿಗೆ ಬಹಳ ಮುಖ್ಯ. ಒಂದು ಊರಲ್ಲಿ 50 ಹಸು ಇವೆ, ಹೋರಿ ಒಂದೇ ಇದೆ ಎಂದುಕೊಳ್ಳಿ. ಎಣಿಸಿದರೆ 51 ದನ. ಆದರೆ ವಂಶದ ಲೆಕ್ಕದಲ್ಲಿ ಅದು ಸುಮಾರು 4 ದನಗಳಿರುವ ಊರು. ಯಾಕೆಂದರೆ ಮುಂದಿನ ಎಲ್ಲ ಕರುಗಳಿಗೂ ಒಬ್ಬನೇ ಅಪ್ಪ. ಅದೇ 50 ಹಸುಗಳಿಗೆ 5 ಹೋರಿ ಇದ್ದರೆ ಆ ಸಂಖ್ಯೆ 18ಕ್ಕೆ ಏರುತ್ತದೆ. ಹಸು ಹೆಚ್ಚು ಮಾಡುವುದಕ್ಕಿಂತ ಹೋರಿಗಳನ್ನು ಬೇರೆ ಬೇರೆ ಕಡೆಯಿಂದ ತರುವುದರಲ್ಲಿ ಲಾಭ. ಮಕ್ಕಳೇ, ಮನೆಗೆ ಹೋಗಿ ಲೆಕ್ಕ ಮಾಡಿ ನೋಡಿ: ಹೋರಿಗಳ ಸಂಖ್ಯೆಯನ್ನು ಹಸುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ.

ನಮ್ಮ ಹಳ್ಳಿಕಾರ್ ತಳಿಯ ವಿಷಯದಲ್ಲಿ ಚಿಂತೆ ಇರುವುದು ಇಲ್ಲೇ. ಟ್ರ್ಯಾಕ್ಟರ್ ಬಂತು, ಎತ್ತು ಕಟ್ಟುವವರು ಕಡಿಮೆಯಾದರು. ಹಾಲಿಗೆಂದು ಸೀಮೆಹಸು ಬಂತು, ನಾಟಿ ಹಸು ಕಡಿಮೆಯಾಯಿತು. ಜಾತ್ರೆಯಲ್ಲಿ ಮೈತುಂಬಿದ ಹೋರಿಗಳನ್ನು ನೋಡಿ ಸಂತೋಷಪಡುತ್ತೇವೆ. ಬೀಜದ ಹೋರಿಗಳು ಎಷ್ಟು ಬೇರೆ ಬೇರೆ ಮನೆತನದವು ಉಳಿದಿವೆ ಎಂಬುದನ್ನು ಕೇಳುವವರು ಕಡಿಮೆ. ಅಮೃತಮಹಲ್‌ನಂಥ ತಳಿಗೆ ಮೂಲವಾದ ಹಳ್ಳಿಕಾರ್, ಹೊರಗೆ ಚೆನ್ನಾಗಿ ಕಾಣುತ್ತಲೇ ಒಳಗೆ ಬಡವಾಗಬಾರದು.

ಸೀಮೆಹಸುಗಳ ಕಥೆಯೂ ಬೇರೆಯಲ್ಲ. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಹಾಕಿಸುತ್ತೇವೆ. ಮೈನಸ್ 196 ಡಿಗ್ರಿ ತಣ್ಣನೆಯ ಡಬ್ಬಿಯಿಂದ ಒಂದು ಸಣ್ಣ ಕಡ್ಡಿ ತೆಗೆಯುತ್ತಾರಲ್ಲ, ಆ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಆ ಕಡ್ಡಿ ತಿಪ್ಪೆಗೆ ಹೋಗುತ್ತದೆ. ಹುಟ್ಟಿದ ಹೆಣ್ಣುಕರು ಎರಡು ವರ್ಷದಲ್ಲಿ ಬೆದೆಗೆ ಬರುತ್ತದೆ. ಅದರ ಅಪ್ಪ ಯಾರು ಎಂದು ಆ ಹೊತ್ತಿಗೆ ಯಾರಿಗೂ ನೆನಪಿಲ್ಲ. ಅದೇ ಹೋರಿಯ ಇನ್ನೊಂದು ಕಡ್ಡಿಯೇ ಡಬ್ಬಿಯಲ್ಲಿದ್ದರೆ? ಅಪ್ಪ ಮಗಳ ಲೆಕ್ಕ, ನಾಲ್ಕರಲ್ಲಿ ಒಂದು. ಬರೆದಿಟ್ಟಿದ್ದರೆ "ಬೇರೆ ಹೋರಿಯದು ಹಾಕಿ ಸರ್" ಎಂದು ಹೇಳಬಹುದಿತ್ತು. ಖರ್ಚು ಒಂದು ಪೈಸೆಯೂ ಇಲ್ಲ.

ಈಗ ಒಂದು ಸೂಕ್ಷ್ಮ ಮಾತು. ಹಿರಿಯರು ತಪ್ಪು ತಿಳಿಯಬಾರದು. ಆ ಸಂಖ್ಯೆಗಳ ಕೋಷ್ಟಕ ಬರೆಯುವಾಗ ನಮ್ಮ ಕಡೆಯ ಮದುವೆಗಳೇ ನನ್ನ ಕಣ್ಣ ಮುಂದೆ ಬಂದವು. ಅತ್ತೆ ಮಗಳು, ಮಾವನ ಮಗಳನ್ನು ಮದುವೆಯಾದರೆ ಹುಟ್ಟುವ ಮಗುವಿನ ಸಂಖ್ಯೆ ಹದಿನಾರರಲ್ಲಿ ಒಂದು. ಅಕ್ಕನ ಮಗಳನ್ನು ಸೋದರಮಾವನಿಗೇ ಕೊಟ್ಟರೆ ಎಂಟರಲ್ಲಿ ಒಂದು. ಅಪ್ಪ ಒಬ್ಬನೇ ಆದ ಮರಿಗಳನ್ನು ಜೋಡಿ ಮಾಡಿದಾಗ ನನ್ನ ಆಟ ತೋರಿಸುವ ಸಂಖ್ಯೆಯೂ ಅದೇ. ಇಂಥ ಮದುವೆಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ, ನಮ್ಮ ನೆಂಟರಿಷ್ಟರಲ್ಲೇ ಎಷ್ಟೋ ಮಂದಿ ಇದ್ದಾರೆ. ಆಸ್ತಿ ಒಡೆಯಬಾರದು, ಮಗಳು ಗೊತ್ತಿರುವ ಮನೆಯಲ್ಲಿ ಇರಲಿ ಎಂಬ ಪ್ರೀತಿಯಿಂದಲೇ ಹಿರಿಯರು ಹೀಗೆ ಮಾಡಿದ್ದು. ಆದರೆ ಅಡಗಿ ಕೂತ ಚೀಟಿ ಪ್ರೀತಿಯನ್ನು ನೋಡುವುದಿಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದಿರುವುದು, ರಕ್ತದ ಕೆಲವು ಕಾಯಿಲೆಗಳು ಹೀಗೆ ಎರಡು ಕಡೆಯ ಚೀಟಿ ಸೇರಿದಾಗ ಬರುವಂಥವು. ಒಂದೇ ಮನೆತನದಲ್ಲಿ ಎರಡು ಮೂರು ತಲೆಮಾರು ಹೀಗೆಯೇ ನಡೆದರೆ ಸಂಖ್ಯೆ ಇನ್ನೂ ಏರುತ್ತದೆ.

ಆದ್ದರಿಂದ ಇಲ್ಲಿ ಕೂತಿರುವ ತಾಯಂದಿರಲ್ಲಿ ಎರಡು ಬೇಡಿಕೆ. ಮಗಳ ಮದುವೆ ಮಾತು ಬಂದಾಗ ಈ ಲೆಕ್ಕವೂ ನೆನಪಿರಲಿ. ಈಗಾಗಲೇ ಅಂಥ ಮದುವೆಯಾಗಿದ್ದರೆ, ಬಸಿರಾದ ಹೆಣ್ಣುಮಗಳು ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ "ನಮ್ಮದು ಸಂಬಂಧದಲ್ಲಿ ಆದ ಮದುವೆ" ಎಂದು ಡಾಕ್ಟರಿಗೆ ಹೇಳಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಏನು ಪರೀಕ್ಷೆ ಬೇಕು ಎಂದು ಅವರು ನೋಡಿಕೊಳ್ಳುತ್ತಾರೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ತಳಿ, ಶುದ್ಧ, ಮಿಶ್ರ ಎಂಬ ಮಾತುಗಳು ಹುಳುವಿಗೂ ದನಕ್ಕೂ ಇರಲಿ, ಮನುಷ್ಯರಿಗೆ ಬೇಡ. ಯಾವ ಕುಲದವರ ಒಳಗೂ ಅಡಗಿದ ಚೀಟಿಗಳಿವೆ. ಚೀಟಿಗಳ ಲೆಕ್ಕದಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ.

ಇಷ್ಟು ಹೊತ್ತು ಹೇಳಿದ್ದನ್ನು ಒಂದು ಮಾತಿನಲ್ಲಿ ಹೇಳುವುದಾದರೆ: ಕಣ್ಣಿಗೆ ಕಾಣುವುದು ಅರ್ಧ, ಬರೆದಿಟ್ಟುಕೊಂಡರೆ ಸಿಗುವುದು ಇನ್ನರ್ಧ. ನನ್ನ ಆಟ ನಿಜಕ್ಕೆ ಹತ್ತಿರ ಬಂದದ್ದು ಚಿತ್ರ ಚೆನ್ನಾಗಿ ಮಾಡಿದ್ದರಿಂದಲ್ಲ, ಪ್ರಾಣಿಗಳಿಗೆ ವಂಶದ ನೆನಪು ಕೊಟ್ಟಿದ್ದರಿಂದ. ಆಟದ ನಾಯಿಗೆ ನೆನಪಿದ್ದು, ನಮ್ಮ ಕೊಟ್ಟಿಗೆಯ ಹಸುವಿಗೆ ಇಲ್ಲದಿದ್ದರೆ ಏನು ಚೆಂದ?

ಅದಕ್ಕೇ ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಒಂದು ಸಣ್ಣ ಕೆಲಸ ಶುರು ಮಾಡೋಣ ಎಂದು ಗುರುಗಳ ಮುಂದೆ ಕೇಳಿಕೊಳ್ಳುತ್ತೇನೆ. ಶಾಲೆಯ ವಿಜ್ಞಾನ ಸಂಘದ ಮಕ್ಕಳು ಒಂದು 'ಕರು ಪುಸ್ತಕ' ಇಡಲಿ. ನಾಲ್ಕೇ ಕಲಂ ಸಾಕು. ಹಸುವಿನ ಕಿವಿಯ ಹಳದಿ ಬಿಲ್ಲೆಯಲ್ಲಿರುವ 12 ಅಂಕಿಯ ಸಂಖ್ಯೆ, ಕಡ್ಡಿಯ ಮೇಲಿನ ಹೋರಿಯ ಸಂಖ್ಯೆ, ಇಂಜೆಕ್ಷನ್ ಹಾಕಿಸಿದ ದಿನ, ಕರು ಹುಟ್ಟಿದ ದಿನ. ಹಳ್ಳಿಕಾರ್ ಸಾಕಿರುವವರು ಹೋರಿ ಯಾರ ಮನೆಯದು ಎಂದು ಬರೆಸಿದರೆ ಸಾಕು. ಪ್ರತಿ ಮಗು ತನ್ನ ಮನೆಯದು, ಪಕ್ಕದ ಎರಡು ಮನೆಯದು ಬರೆದು ತಂದರೆ ಒಂದು ವರ್ಷದಲ್ಲಿ ಇಡೀ ಊರಿನದು ಸಿಗುತ್ತದೆ. ಅಜ್ಜ ಅಜ್ಜಿಯರಿಗೆ ನೆನಪಿರುವ ಹಳೆಯ ಹಸುಗಳ ವಿವರವನ್ನೂ ಕೇಳಿ ಬರೆದುಕೊಳ್ಳಲಿ. ಅದು ನಮ್ಮ ಊರಿನ ಚರಿತ್ರೆಯೂ ಆಗುತ್ತದೆ.

ನನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ. ಆಟಕ್ಕೆಂದು ಬರೆದ ಆ ವಂಶಾವಳಿಯ ಲೆಕ್ಕವನ್ನೇ ಕನ್ನಡದಲ್ಲಿ, ಶಾಲೆಯ ಹಳೆಯ ಕಂಪ್ಯೂಟರ್‌ನಲ್ಲೂ ಓಡುವಂತೆ ಬರೆದು ಕೊಡುತ್ತೇನೆ. ನಾಯಿಯ ಹೆಸರಿದ್ದ ಜಾಗದಲ್ಲಿ ಹಸುವಿನ ಸಂಖ್ಯೆ ಬರುತ್ತದೆ, ಅಷ್ಟೇ ಬದಲಾವಣೆ. ಹಸುವಿನ ಸಂಖ್ಯೆ, ಹೋರಿಯ ಸಂಖ್ಯೆ ಒತ್ತಿದರೆ "ಬೇಡ, ಇದು ಅದರ ಅಪ್ಪ" ಎಂದೋ "ಹಾಕಿಸಬಹುದು" ಎಂದೋ ಹೇಳುತ್ತದೆ. ಅದನ್ನು ನಡೆಸುವವರು, ಮುಂದೆ ತಿದ್ದುವವರು ಈ ಶಾಲೆಯ ಮಕ್ಕಳೇ ಆಗಬೇಕು. ಬೇಸಿಗೆ ರಜೆಯಲ್ಲಿ ಎರಡು ಶನಿವಾರ, ಎರಡು ಭಾನುವಾರ ಬಂದು ಪೈಥಾನ್ ಹೇಳಿಕೊಡಲು ನಾನು ಸಿದ್ಧ. ಬೆಂಗಳೂರಿನಲ್ಲಿರುವ ನನ್ನ ಬ್ಯಾಚಿನ ಇನ್ನೂ ಇಬ್ಬರು ಬರಲು ಒಪ್ಪಿದ್ದಾರೆ.

ಐವತ್ತು ವರ್ಷದಲ್ಲಿ ಈ ಶಾಲೆ ಎಷ್ಟೋ ಮನೆಗಳ ಮೊದಲ ತಲೆಮಾರಿನ ಓದಿದವರನ್ನು ಮಾಡಿದೆ. ನಾನೂ ಅಂಥವನೇ. ನಮ್ಮ ಅಪ್ಪ ಅವ್ವಂದಿರ ತಲೆಯಲ್ಲಿದ್ದ ಲೆಕ್ಕವನ್ನು ಕಾಗದದ ಮೇಲೆ ಇಳಿಸುವುದು ನಮ್ಮ ತಲೆಮಾರಿನ ಕೆಲಸ.